ಕೂಸಿನ ಬುತ್ತಿ

(ಬಾನುಲಿ ಭಾಷಣ)

ಕಟ್ಟಿಕೊಟ್ಟ ಬುತ್ತಿಯೂ ಹೇಳಿಕೊಟ್ಟ ಮಾತೂ ಎಷ್ಟು ದಿನ ಬಂದಾವು ಎಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಸ್ವಂತ ಬುದ್ಧಿಯನ್ನು ನಂಬಬೇಕೆಂದು ತಿಳಿಸುವುದಕ್ಕಾಗಿ ಹಿರಿಯರು ಬಳಸಿದ ಮಾತು ಇದು. ಆದರೆ ಗಾದೆಯ ಮೊದಲರ್ಧವನ್ನು ಇದ್ದಂತೆಯೇ ತೆಗೆದುಕೊಂಡು ವಿಚಾರಿಸಿದರೆ ಅದು ಚರಿತ್ರೆಯ ಪ್ರಶ್ನೆಯೂ ಆಗುತ್ತದೆ. ಕಟ್ಟಿದ ಬುತ್ತಿ ಎಷ್ಟು ದಿನ ಬರುತ್ತಿತ್ತು? ಅದರಲ್ಲಿ ಏನಿರುತ್ತಿತ್ತು? ಅದನ್ನು ಕಟ್ಟುತ್ತಿದ್ದವರು ಯಾರು, ಉಣ್ಣುತ್ತಿದ್ದವರು ಯಾರು?

ಬುತ್ತಿ ಎಂಬುದು ಸಂಸ್ಕೃತದ ಭುಕ್ತಿ ಶಬ್ದದ ತದ್ಭವವೆಂದು ಹೇಳುವುದುಂಟು. ದಾರಿಯ ಊಟಕ್ಕೆ ಸಂಸ್ಕೃತದಲ್ಲಿ ಬೇರೊಂದು ಹೆಸರೂ ಇದೆ: ಪಾಥೇಯ, ಎಂದರೆ ಪಥಕ್ಕೆ ಬೇಕಾದದ್ದು. ಬೌದ್ಧರ ವಿನಯಪಿಟಕದಲ್ಲಿ ತಪುಸ್ಸ, ಭಲ್ಲಿಕ ಎಂಬ ಇಬ್ಬರು ವರ್ತಕರು ಬರುತ್ತಾರೆ. ಬೋಧಿಯನ್ನು ಪಡೆದ ಬುದ್ಧನಿಗೆ ಅವರು ಅರ್ಪಿಸಿದ್ದು ಹುರಿದ ಹಿಟ್ಟು ಮತ್ತು ಜೇನಿನ ಉಂಡೆ. ದೂರದ ದಾರಿಯಲ್ಲಿದ್ದ ವರ್ತಕರ ಬುತ್ತಿಯೇ ಅದಾಗಿದ್ದಿರಬೇಕು. ಹೀಗೆ ವರ್ತಕನ ಬುತ್ತಿ, ದಂಡಿನವನ ಬುತ್ತಿ, ಯಾತ್ರಿಕನ ಬುತ್ತಿ ಇವುಗಳಿಗೆಲ್ಲ ಗ್ರಂಥಗಳಲ್ಲಿ ಅಲ್ಲಲ್ಲಿ ಸ್ಥಳ ದೊರೆತಿದೆ. ಆದರೆ ತಾಯಿಯ ಕಂಕುಳಲ್ಲಿ ಕುಳಿತು ಅದೇ ದಾರಿಯನ್ನು ಸವೆಸಿದ ಒಂದು ವರ್ಷದ, ಎರಡು ವರ್ಷದ ಕೂಸಿನ ಬುತ್ತಿಯನ್ನು ಬರೆದಿಟ್ಟವರು ವಿರಳ. ಅದನ್ನು ಕಟ್ಟಿದವರು ಬರೆಯುವವರಾಗಿರಲಿಲ್ಲ, ಬರೆಯುವವರು ಅದನ್ನು ಕಟ್ಟಿದವರಾಗಿರಲಿಲ್ಲ ಎಂಬುದೇ ಇದಕ್ಕೆ ಕಾರಣವಿರಬಹುದು. ಇಂದಿನ ಮಾತಿನ ವಸ್ತು ಆ ಬುತ್ತಿ. ಎತ್ತಿನ ಗಾಡಿಯಿಂದ ವಿಮಾನದವರೆಗೆ ಅದು ನಡೆದು ಬಂದ ದಾರಿ.

ದೊಡ್ಡವರ ಬುತ್ತಿಗೂ ಕೂಸಿನ ಬುತ್ತಿಗೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ದೊಡ್ಡವರು ಒಂದು ಹೊತ್ತು ಉಪವಾಸವಿದ್ದಾರು. ಮುಂದಿನ ಊರು ಬರಲೆಂದು ಕಾದಾರು. ಹಳಸಿದ್ದನ್ನು ಮೂಸಿ ನೋಡಿ ಬಿಸಾಡಿಯಾರು. ಕೂಸಿಗೆ ಇವು ಮೂರೂ ಸಾಧ್ಯವಿಲ್ಲ. ತೀರ ಎಳೆಯ ಮಗುವಿನ ಮಾತು ಬೇರೆ. ತಾಯಿಯ ಎದೆಹಾಲೇ ಅದರ ಬುತ್ತಿ. ಅದು ಕೆಡುವುದಿಲ್ಲ, ಕಾಯಿಸಬೇಕಾಗಿಲ್ಲ, ಪಾತ್ರೆ ಬೇಡ. ಕಷ್ಟವೆಲ್ಲ ಮೊಲೆ ಬಿಡುವ ಹೊತ್ತಿನ ಮಗುವಿನದು. ಎದೆಹಾಲು ಅದಕ್ಕೆ ಸಾಲದು. ದೊಡ್ಡವರ ರೊಟ್ಟಿ, ಮುದ್ದೆ, ಖಾರದ ಪುಡಿ ಅದಕ್ಕೆ ಸಲ್ಲದು. ಈ ನಡುವಿನ ವಯಸ್ಸಿನ ಮುಖ್ಯ ಆಹಾರ ದನದ ಹಾಲು. ನಮ್ಮಂಥ ಸೆಕೆಯ ನಾಡಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಒಡೆದುಹೋಗುವ ಪದಾರ್ಥ. ಆದ್ದರಿಂದ ಕೂಸಿನೊಡನೆ ಮಾಡಿದ ಪ್ರಯಾಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಹಾಲನ್ನು ಕೆಡದಂತೆ ಒಯ್ಯಲು ಮನುಷ್ಯ ಪಟ್ಟ ಪಾಡಿನ ಚರಿತ್ರೆಯೇ ಆಗಿದೆ.

ಕೂಸಿಗೆ ದನದ ಹಾಲು ಕುಡಿಸುವ ಪದ್ಧತಿ ಎಷ್ಟು ಹಳೆಯದು? ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಪುಟ್ಟ ಮಕ್ಕಳ ಸಮಾಧಿಗಳೊಳಗೆ ಮಣ್ಣಿನ ಚಿಕ್ಕ ಗಿಂಡಿಗಳು ದೊರೆತಿವೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟವು, ಚೀಪಲು ಸಣ್ಣದೊಂದು ಮೂತಿಯುಳ್ಳವು. ೨೦೧೯ರಲ್ಲಿ ವಿಜ್ಞಾನಿಗಳು ಇಂಥ ಮೂರು ಗಿಂಡಿಗಳ ಒಳಮೈಯಲ್ಲಿ ಉಳಿದಿದ್ದ ಜಿಡ್ಡನ್ನು ಪರೀಕ್ಷಿಸಿ, ಅವುಗಳಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿತ್ತೆಂದು ತೋರಿಸಿಕೊಟ್ಟರು. ಕ್ರಿಸ್ತಪೂರ್ವ ೧೨೦೦ರಿಂದ ೪೫೦ರವರೆಗಿನ ಕಾಲದ ಗಿಂಡಿಗಳು ಅವು. ಮಗುವಿನ ಕೊನೆಯ ಪ್ರಯಾಣಕ್ಕೂ ಯಾರೋ ಅದರ ಹಾಲಿನ ಪಾತ್ರೆಯನ್ನು ಜೊತೆಗಿಟ್ಟು ಕಳಿಸಿದ್ದರು. ನಮ್ಮ ಮನೆಗಳ ಒಳಲೆಯೂ ಇದೇ ವಂಶದ್ದು. ಉದ್ದನೆಯ ಮೂತಿಯ ಆ ಪುಟ್ಟ ಬೆಳ್ಳಿಯ ಅಥವಾ ಹಿತ್ತಾಳೆಯ ಪಾತ್ರೆಯಿಂದ ಮೊಮ್ಮಕ್ಕಳಿಗೆ ಹಾಲು ಹುಯ್ದ ಅಜ್ಜಿಯರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂದುಗೊಂದುಗಳಿಲ್ಲದ್ದರಿಂದ ಅದನ್ನು ಬೆಳಗಿ ಚೊಕ್ಕಟವಾಗಿಡುವುದು ಸುಲಭವಾಗಿತ್ತು. ಈ ಸಣ್ಣ ಸಂಗತಿಯ ಮಹತ್ವ ಮುಂದೆ ತಿಳಿಯುತ್ತದೆ.

ಹಾಲನ್ನು ಒಯ್ಯಲಾಗದ ಕಡೆ ಜನ ಎರಡು ದಾರಿಗಳನ್ನು ಕಂಡುಕೊಂಡರು. ಒಂದು, ಹಾಲಿನ ನೀರನ್ನು ತೆಗೆದುಬಿಡುವುದು. ಮಂಗೋಲರು ಹಾಲನ್ನು ಒಣಗಿಸಿ ಕೊಂಡೊಯ್ಯುತ್ತಿದ್ದರೆಂದೂ, ಬೆಳಿಗ್ಗೆ ಅದರಲ್ಲಿ ಒಂದಿಷ್ಟನ್ನು ನೀರು ತುಂಬಿದ ಚರ್ಮದ ಚೀಲಕ್ಕೆ ಹಾಕಿಕೊಂಡು ಕುದುರೆಯೇರಿದರೆ ಸವಾರಿಯ ಕುಲುಕಾಟಕ್ಕೆ ಅದು ತಾನಾಗಿ ಕದಡಿ ಗಂಜಿಯಾಗುತ್ತಿತ್ತೆಂದೂ ೧೩ನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ವರ್ಣಿಸಿದ್ದಾನೆ. ಎರಡನೆಯ ದಾರಿ ನಮ್ಮದು: ಹಾಲನ್ನು ಕೆಡಲು ಬಿಡುವುದು, ಆದರೆ ನಮಗೆ ಬೇಕಾದಂತೆ ಕೆಡಿಸಿಕೊಳ್ಳುವುದು. ಪ್ರಯಾಣಕ್ಕೆ ಮೊಸರನ್ನದ ಬುತ್ತಿ ಕಟ್ಟುವ ಗೃಹಿಣಿ ಅನ್ನಕ್ಕೆ ಮೊಸರನ್ನೇ ಸುರಿಯುವುದಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಕಾಯಿಸಿದ ಹಾಲು ಹಾಕಿ, ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಹೆಪ್ಪು ಬೆರೆಸುತ್ತಾಳೆ. ಗಾಡಿ ಸಾಗುತ್ತಿರುವಾಗ ಬುತ್ತಿ ತನ್ನಷ್ಟಕ್ಕೆ ಹೆಪ್ಪುಗಟ್ಟುತ್ತದೆ. ಉಣ್ಣುವ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಹೆಪ್ಪಿನ ಜೀವಾಣುಗಳು ಹುಟ್ಟಿಸುವ ಆಮ್ಲ ಇತರ ಕೆಟ್ಟ ಜೀವಾಣುಗಳನ್ನು ಹತ್ತಿಕ್ಕುತ್ತದೆ ಎಂಬುದು ಪ್ರಯೋಗಶಾಲೆಯಿಂದ ತಿಳಿದುಬರುವುದಕ್ಕೆ ಬಹಳ ಮುಂಚೆಯೇ ಅಡುಗೆಮನೆಗೆ ಅದರ ಫಲ ಗೊತ್ತಿತ್ತು.

ಒಲೆ ಹೂಡಲಾಗದ ದಾರಿಗೆ ಹುರಿದ ಧಾನ್ಯವೇ ಗತಿ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯ ಅರಳನ್ನು ಬೀಸಿದ ಹುರಿಹಿಟ್ಟು, ಉತ್ತರದ ಜಿಲ್ಲೆಗಳಲ್ಲಿ ಜೋಳದ ಅರಳಿನ ಅಳ್ಳಿಟ್ಟು, ಎಲ್ಲೆಡೆಯೂ ಅವಲಕ್ಕಿ. ಇವು ಮೊದಲೇ ಬೆಂದ ಆಹಾರಗಳು. ಬೆಲ್ಲವನ್ನೂ ಹಾಲನ್ನೋ ಮಜ್ಜಿಗೆಯನ್ನೋ ಬೆರೆಸಿದರೆ ಸಾಕು, ಕೂಸಿನ ತುತ್ತು ಸಿದ್ಧ. ಇವೆಲ್ಲಕ್ಕಿಂತ ಜಾಣತನದ್ದು ರಾಗಿಯ ಸರಿ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುವ ಈ ಕೆಲಸ ಮೂರು ನಾಲ್ಕು ದಿನಗಳದ್ದು. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಅವುಗಳಿಂದಾಗಿ ಗಂಜಿ ಅಂಟಾಗದೆ ತೆಳ್ಳಗಾಗುತ್ತದೆ; ಮಗುವಿನ ಪುಟ್ಟ ಹೊಟ್ಟೆಗೆ ಕಡಿಮೆ ನೀರಿನಲ್ಲಿ ಹೆಚ್ಚು ಹಿಟ್ಟನ್ನು ಇಳಿಸಬಹುದು, ಜೀರ್ಣವೂ ಸುಲಭ. ಈ ತತ್ತ್ವವನ್ನು ನೆನಪಿನಲ್ಲಿಟ್ಟುಕೊಂಡು ಈಗ ಯೂರೋಪಿನ ಕಡೆಗೆ ನೋಡೋಣ.

ಹಬೆಯ ಹಡಗುಗಳ ಕಾಲದಲ್ಲಿ ಕುಟುಂಬಗಳು ಸಾಗರಗಳನ್ನು ದಾಟತೊಡಗಿದಾಗ ಕೂಸಿನ ಹಾಲಿನ ಸಮಸ್ಯೆ ಹೊಸ ರೂಪದಲ್ಲಿ ಎದುರಾಯಿತು. ವಾರಗಟ್ಟಲೆಯ ಯಾನ, ಹಾಲಿಗಾಗಿ ಹಡಗಿನಲ್ಲಿಯೇ ಹಸುಗಳನ್ನು ಸಾಕುತ್ತಿದ್ದರು. ಅಮೆರಿಕದ ಗೇಲ್ ಬೋರ್ಡನ್ ಎಂಬಾತನ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನದಿಂದ ಹಿಂದಿರುಗುತ್ತಿದ್ದಾಗ ಹಡಗಿನ ಹಸುಗಳು ಕಾಯಿಲೆ ಬಿದ್ದು, ಹಾಲಿಲ್ಲದೆ ಕೂಸುಗಳು ಸತ್ತದ್ದನ್ನು ಆತ ಕಣ್ಣಾರೆ ಕಂಡನೆಂದೂ, ಕೆಡದ ಹಾಲನ್ನು ಮಾಡಿಯೇ ತೀರಬೇಕೆಂದು ಅಂದೇ ನಿಶ್ಚಯಿಸಿದನೆಂದೂ ಆ ಕಥೆ ಹೇಳುತ್ತದೆ. ಕಥೆಗೆ ಬಣ್ಣ ಸೇರಿದ್ದಿರಬಹುದು. ಆದರೆ ಹಾಲನ್ನು ನಿರ್ವಾತದಲ್ಲಿ ಬತ್ತಿಸಿ ಗಟ್ಟಿಮಾಡುವ ವಿಧಾನಕ್ಕೆ ೧೮೫೬ರಲ್ಲಿ ಆತ ಹಕ್ಕುಪತ್ರ ಪಡೆದದ್ದು ನಿಜ. ಡಬ್ಬಿಯ ಹಾಲಿನ ಯುಗ ಅಲ್ಲಿಂದ ತೊಡಗಿತು.

ಮುಂದಿನ ದಶಕದಲ್ಲಿ ಜರ್ಮನಿಯ ಪ್ರಸಿದ್ಧ ರಸಾಯನ ವಿಜ್ಞಾನಿ ಲೀಬಿಗ್ ಗೋಧಿಯ ಹಿಟ್ಟು, ಮೊಳಕೆಯ ಹಿಟ್ಟು, ಹಸುವಿನ ಹಾಲು ಇವುಗಳನ್ನು ಕೂಡಿಸಿ ಶಿಶುಗಳಿಗೊಂದು ಆಹಾರವನ್ನು ರೂಪಿಸಿದ. ೧೮೬೭ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ಹೆನ್ರಿ ನೆಸ್ಲೆ ತನ್ನ ಹಾಲುಹಿಟ್ಟನ್ನು ಮಾರಾಟಕ್ಕೆ ತಂದ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸೋದರರು ೧೮೭೩ರಲ್ಲಿ ವ್ಯಾಪಾರವನ್ನಾರಂಭಿಸಿ, ೧೮೮೩ರಲ್ಲಿ ಮೊಳಕೆ ಹಿಟ್ಟು ಬೆರೆತ ಹಾಲಿನ ಪುಡಿಗೆ ಹಕ್ಕುಪತ್ರ ಪಡೆದರು. ಮೊದಮೊದಲು ಶಿಶುಗಳಿಗೂ ರೋಗಿಗಳಿಗೂ ಎಂದು ಸಿದ್ಧವಾದ ಈ ಪುಡಿಯನ್ನು ಧ್ರುವಪ್ರದೇಶದ ಅನ್ವೇಷಕರೂ ಕೊಂಡೊಯ್ದರು. ಕೂಸಿನ ಬುತ್ತಿ ದೊಡ್ಡವರ ಬುತ್ತಿಯಾದ ಅಪರೂಪದ ಪ್ರಸಂಗ ಇದು. ಅಲ್ಲಿ ಬಾರ್ಲಿಯ ಮೊಳಕೆ ಮಾಡಿದ ಕೆಲಸವನ್ನೇ ಇಲ್ಲಿ ನಮ್ಮ ಹಳ್ಳಿಯ ಮನೆಗಳಲ್ಲಿ ರಾಗಿಯ ಮೊಳಕೆ ಮಾಡುತ್ತಿತ್ತು. ಒಂದು ಸೀಸೆಯೊಳಗೆ ಸೇರಿ ಹೆಸರನ್ನೂ ಬೆಲೆಯನ್ನೂ ಪಡೆಯಿತು. ಇನ್ನೊಂದು ಗಡಿಗೆಯೊಳಗೆ ಹೆಸರಿಲ್ಲದೆ ಉಳಿಯಿತು.

ಇದೇ ಕಾಲದಲ್ಲಿ ಪಶ್ಚಿಮದ ಮನೆಗಳಿಗೆ ಉದ್ದವಾದ ರಬ್ಬರ್ ನಳಿಗೆಯುಳ್ಳ ಗಾಜಿನ ಹಾಲಿನ ಸೀಸೆ ಬಂದಿತು. ಮಗು ತಳ್ಳುಗಾಡಿಯಲ್ಲಿ ಮಲಗಿಕೊಂಡೇ, ಯಾರ ನೆರವೂ ಇಲ್ಲದೆ ಕುಡಿಯಬಹುದೆಂಬುದು ಅದರ ಆಕರ್ಷಣೆ. ಆದರೆ ನಳಿಗೆಯ ಒಳಭಾಗವನ್ನು ತೊಳೆಯಲು ಸಾಧ್ಯವಿರಲಿಲ್ಲ. ಅಲ್ಲಿ ನಿಂತ ಹಾಲಿನಲ್ಲಿ ರೋಗಾಣುಗಳು ಬೆಳೆದು ಅಸಂಖ್ಯಾತ ಕೂಸುಗಳ ಪ್ರಾಣ ಹಾರಿಹೋಯಿತು. ಒಂದೇ ಉಜ್ಜಿಗೆ ಶುದ್ಧವಾಗುತ್ತಿದ್ದ ಒಳಲೆಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಇನ್ನೊಂದು ಆವಿಷ್ಕಾರ ಹೆಚ್ಚು ನಿರಪಾಯಕರವಾಗಿ ಕಂಡಿತು. ೧೮೯೨ರಲ್ಲಿ ವಿಜ್ಞಾನಿ ಜೇಮ್ಸ್ ಡೀವರ್ ಅತಿಶೀತಲ ದ್ರವಗಳನ್ನು ಕಾಪಾಡಲೆಂದು ಎರಡು ಗೋಡೆಗಳ ನಡುವೆ ಗಾಳಿಯಿಲ್ಲದ ಸೀಸೆಯನ್ನು ನಿರ್ಮಿಸಿದ; ೧೯೦೪ರ ಹೊತ್ತಿಗೆ ಜರ್ಮನಿಯಲ್ಲಿ ಅದು ಥರ್ಮಾಸ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಪ್ರಯಾಣದ ತಾಯಂದಿರಿಗೆ ಇದೊಂದು ವರವಾಯಿತು. ಆದರೆ ಬೆಚ್ಚಗಿನ ಹಾಲನ್ನು ಗಂಟೆಗಟ್ಟಲೆ ಬೆಚ್ಚಗೆಯೇ ಇಡುವುದೆಂದರೆ ರೋಗಾಣುಗಳಿಗೆ ಹಿತವಾದ ಮನೆಯೊಂದನ್ನು ಕಟ್ಟಿಕೊಟ್ಟಂತೆ. ಥರ್ಮಾಸಿನಲ್ಲಿ ಒಯ್ಯಬೇಕಾದದ್ದು ಹಾಲನ್ನಲ್ಲ, ಕುದಿನೀರನ್ನು ಎಂಬ ಪಾಠವನ್ನು ಜನ ನಿಧಾನವಾಗಿ ಕಲಿತರು.

ನಮ್ಮ ದೇಶದಲ್ಲಿ ೧೮೫೩ರಲ್ಲಿ ಮುಂಬಯಿ ಮತ್ತು ಠಾಣೆಗಳ ನಡುವೆ ರೈಲು ಓಡಿತು. ೧೮೬೪ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತು. ಎತ್ತಿನ ಗಾಡಿಯ ಪ್ರಯಾಣದಲ್ಲಿ ಬಾವಿಯ ಬಳಿ ಗಾಡಿ ಬಿಚ್ಚಿ, ಮೂರು ಕಲ್ಲು ಹೂಡಿ, ಕೂಸಿಗೆ ಗಂಜಿ ಕಾಯಿಸಿಕೊಳ್ಳಬಹುದಾಗಿತ್ತು. ರೈಲು ಕೂಸಿನ ಹಸಿವಿಗಾಗಿ ನಿಲ್ಲುವುದಿಲ್ಲ. ಮೊತ್ತಮೊದಲು ಮಗುವಿನ ಹೊಟ್ಟೆ ಗಡಿಯಾರಕ್ಕೂ ವೇಳಾಪಟ್ಟಿಗೂ ಹೊಂದಿಕೊಳ್ಳಬೇಕಾಗಿ ಬಂತು. ಪರರ ಕೈಯ ಅಡುಗೆಯನ್ನು ಮುಟ್ಟಬಾರದೆಂಬ ಮಡಿಯೂ ಇದಕ್ಕೆ ಸೇರಿತು. ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೊಡಗಳಿದ್ದ ಕಾಲ ಅದು. ಬಾಯಾರಿದ ಎರಡು ವರ್ಷದ ಮಗುವಿಗೆ ನೀರಿನ ಜಾತಿ ತಿಳಿಯದು; ಆದರೂ ಅದರ ಗುಟುಕಿನ ಮೇಲೂ ಸಮಾಜದ ಕಾವಲಿತ್ತು. ಅಜ್ಜಿಯರ ಬುತ್ತಿಯನ್ನು ಕೊಂಡಾಡುವಾಗ ಈ ಮಾತನ್ನು ಮರೆಯಲಾಗದು. ಆ ಬುತ್ತಿಯ ಗಂಟಿನಲ್ಲಿ ಅಕ್ಕರೆಯೂ ಇತ್ತು, ಅಸ್ಪೃಶ್ಯತೆಯೂ ಇತ್ತು.

ಅಂದಿನ ಭಯ ಬರಿಯ ಮಡಿಯದೂ ಅಲ್ಲ. ೧೯೧೭ರಲ್ಲಿ ಗಾಂಧೀಜಿ ಮೂರನೆಯ ತರಗತಿಯ ರೈಲು ಪ್ರಯಾಣವನ್ನು ಕುರಿತು ಬರೆದಾಗ, ನಿಲ್ದಾಣದಲ್ಲಿ ಮಾರುತ್ತಿದ್ದ ತಿಂಡಿಗಳ ಮೇಲೆ ನೊಣಗಳು ಮುತ್ತಿದ್ದುದನ್ನೂ, ಚಹಾಕ್ಕೆ ಬೆರೆಸಿದ್ದು ಹಾಲೆಂಬ ಹೆಸರಿಗೆ ತಕ್ಕುದಾಗಿರಲಿಲ್ಲವೆಂಬುದನ್ನೂ ಕಟುವಾಗಿ ದೂರಿದರು. ೨೦ನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಇನ್ನೂರರಷ್ಟು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. ಈಗ ಆ ಸಂಖ್ಯೆ ಮೂವತ್ತಕ್ಕಿಂತ ಕೆಳಗಿಳಿದಿದೆ. ಆಗಿನ ತಾಯಿ ಮುಚ್ಚಳದ ಕೂಜದಲ್ಲಿ ಮನೆಯ ಬಾವಿಯ ನೀರನ್ನೇ ತುಂಬಿಕೊಂಡು, ದಾರಿಯುದ್ದಕ್ಕೂ ಅದನ್ನು ಕಾದುಕೊಂಡು ಕುಳಿತದ್ದು ಜಿಪುಣತನದಿಂದಲ್ಲ, ಹಟದಿಂದಲೂ ಅಲ್ಲ. ಊರು ಬದಲಾದರೆ ನೀರು ಬದಲಾಗುತ್ತದೆ, ನೀರು ಬದಲಾದರೆ ಕೂಸು ಮಲಗುತ್ತದೆ ಎಂಬುದು ಆಕೆ ಕಂಡುಂಡ ಸತ್ಯವಾಗಿತ್ತು.

ಹಾಲಿನ ಪುಡಿಯ ಡಬ್ಬಿ ನಮ್ಮಂಥ ದೇಶಗಳಿಗೆ ಬಂದಾಗ ಈ ನೀರಿನ ಪ್ರಶ್ನೆಯೇ ಘೋರವಾಗಿ ಎದ್ದುನಿಂತಿತು. ಪುಡಿ ಶುದ್ಧವಾಗಿದ್ದರೇನು, ಬೆರೆಸುವ ನೀರು ಅಶುದ್ಧವಾಗಿದ್ದರೆ? ಡಬ್ಬಿ ಬೇಗ ಮುಗಿಯದಿರಲೆಂದು ಬಡತಾಯಿ ಅದನ್ನು ತೆಳ್ಳಗೆ ಕಲಸಿದರೆ? ೧೯೩೯ರಲ್ಲಿ ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಅಲ್ಲಿನ ರೋಟರಿ ಸಭೆಯಲ್ಲಿ ಮಾತನಾಡುತ್ತ, ತಾಯಂದಿರು ಎದೆಹಾಲನ್ನು ಬಿಟ್ಟು ಡಬ್ಬಿಹಾಲಿಗೆ ತಿರುಗುವಂತೆ ಮಾಡುವ ಪ್ರಚಾರವನ್ನು ಕೊಲೆಗೆ ಸಮನಾದುದೆಂದು ಕರೆದರು. ಆ ಮಾತು ಲೋಕದ ಕಿವಿಗೆ ಬೀಳಲು ಮೂವತ್ತೈದು ವರ್ಷ ಹಿಡಿಯಿತು. ೧೯೭೪ರಲ್ಲಿ ಬ್ರಿಟನ್ನಿನ ಸ್ವಯಂಸೇವಾ ಸಂಸ್ಥೆಯೊಂದು ಈ ವಿಷಯವನ್ನು ಕುರಿತು ಪುಸ್ತಿಕೆಯನ್ನು ಹೊರತಂದಿತು. ೧೯೭೭ರಲ್ಲಿ ಅಮೆರಿಕದಲ್ಲಿ ಬಹಿಷ್ಕಾರದ ಚಳವಳಿ ಎದ್ದಿತು. ೧೯೮೧ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿಗೆ ಬದಲಿ ಆಹಾರಗಳ ಮಾರಾಟವನ್ನು ಕುರಿತ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ ೧೧೮ ದೇಶಗಳು, ವಿರುದ್ಧವಾಗಿ ಅಮೆರಿಕ ಒಂದೇ. ಭಾರತ ೧೯೯೨ರಲ್ಲಿ ಶಾಸನ ಮಾಡಿ, ೨೦೦೩ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಶಿಶುವಿನ ಹಾಲುಪುಡಿಯ ಡಬ್ಬಿಯ ಮೇಲೆ ನಗುವ ಮಗುವಿನ ಚಿತ್ರವಿಲ್ಲದಿರುವುದು ಈ ಶಾಸನದ ಫಲ.

ಇಷ್ಟು ಹೇಳಿದ ಮೇಲೆ ಪುಡಿಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಎದೆಹಾಲು ಸಾಲದ ಕೂಸುಗಳೂ, ತಾಯಿಯನ್ನು ಕಳೆದುಕೊಂಡ ಕೂಸುಗಳೂ ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರಿಗಾಗಿ ಒಳ್ಳೆಯ ಪುಡಿ ನಮ್ಮಲ್ಲಿಯೇ ತಯಾರಾಗಬೇಕಾಗಿತ್ತು. ಆದರೆ ಆಗ ನಮ್ಮಲ್ಲಿ ವಿಶೇಷವಾಗಿ ದೊರೆಯುತ್ತಿದ್ದುದು ಎಮ್ಮೆಯ ಹಾಲು. ಅದರಲ್ಲಿ ಜಿಡ್ಡು ಹೆಚ್ಚು, ಶಿಶುವಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಗಡ್ಡೆಗಟ್ಟುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರವಿಜ್ಞಾನ ಸಂಶೋಧನಾಲಯ ಆ ದಶಕದಲ್ಲಿ ಈ ತೊಡಕನ್ನು ಕೈಗೆತ್ತಿಕೊಂಡು, ಎಮ್ಮೆಯ ಹಾಲಿನಿಂದಲೇ ಶಿಶುಗಳಿಗೆ ಅರಗುವ ಪುಡಿಯನ್ನು ಮಾಡುವ ವಿಧಾನವನ್ನು ರೂಪಿಸಿತು. ಗುಜರಾತಿನ ಆನಂದದ ಸಹಕಾರಿ ಡೇರಿ ಅದನ್ನು ತಯಾರಿಸಿ ದೇಶಕ್ಕೆಲ್ಲ ಹಂಚಿತು. ೧೯೬೧ರಲ್ಲಿ ಅದೇ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಹುಟ್ಟಿತು. ೧೯೮೪ರಲ್ಲಿ ರಾಕೇಶ್ ಶರ್ಮಾ ಅವರು ಅಂತರಿಕ್ಷಕ್ಕೆ ಹೋದಾಗ ಅವರ ಬುತ್ತಿ ಸಿದ್ಧವಾದದ್ದು ಅಲ್ಲಿ. ಕೂಸಿನ ಹಾಲುಪುಡಿ, ಗಗನಯಾತ್ರಿಯ ಊಟ ಇವೆರಡಕ್ಕೂ ಮೈಸೂರೇ ತವರಾದದ್ದು ನಮಗೆ ಹೆಮ್ಮೆಯ ಸಂಗತಿ.

ಪ್ರಯಾಣವೆಂದರೆ ಎಲ್ಲವೂ ಮನವೊಪ್ಪಿ ಹೊರಟ ಪ್ರಯಾಣವಲ್ಲ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಪ್ರಾಣಭಯದಿಂದ ಗಡಿ ದಾಟಿ ಬಂದರು. ಬುತ್ತಿ ಕಟ್ಟಲು ಅವರಿಗೆ ಸಮಯವಿರಲಿಲ್ಲ. ಕಟ್ಟಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಲಾನಬಿಸ್ ಉಪ್ಪು, ಸಕ್ಕರೆ ಮೊದಲಾದವನ್ನು ಗೊತ್ತಾದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಅದನ್ನು ಬಟ್ಟಲು ಬಟ್ಟಲಾಗಿ ಕುಡಿಸುವಂತೆ ತಾಯಂದಿರಿಗೂ ಬಂಧುಗಳಿಗೂ ಒಪ್ಪಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಒಂದು ಪೊಟ್ಟಣ, ಒಂದು ಬಟ್ಟಲು, ಕುಡಿಸುವ ಒಂದು ಕೈ: ಪ್ರಯಾಣದಲ್ಲಿರುವ ಮಗುವಿಗೆ ೨೦ನೆಯ ಶತಮಾನ ಕೊಟ್ಟ ಬುತ್ತಿಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ. ಇಂದು ತಾಯಂದಿರ ಕೈಚೀಲದ ಮೂಲೆಯಲ್ಲಿರುವ ಆ ಕಾಗದದ ಪೊಟ್ಟಣದ ಹಿಂದೆ ಆ ಶಿಬಿರದ ಕಥೆಯಿದೆ.

ಇನ್ನು ವಿಮಾನ. ೧೯೧೯ರ ಅಕ್ಟೋಬರ್ ೧೧ರಂದು ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೊರಟ ಹ್ಯಾಂಡ್ಲಿ ಪೇಜ್ ಸಂಸ್ಥೆಯ ವಿಮಾನದಲ್ಲಿ ಮೂರು ಶಿಲಿಂಗಿಗೆ ಒಂದು ಊಟದ ಪೆಟ್ಟಿಗೆ ಮಾರಾಟವಾಯಿತು. ಆಕಾಶದಲ್ಲಿ ಬಿಕರಿಯಾದ ಮೊದಲ ಬುತ್ತಿ ಅದು. ೧೯೩೦ರ ಮೇ ತಿಂಗಳಲ್ಲಿ ಎಲೆನ್ ಚರ್ಚ್ ಎಂಬ ದಾದಿ ಅಮೆರಿಕದ ವಿಮಾನದಲ್ಲಿ ಮೊದಲ ಪರಿಚಾರಿಕೆಯಾದಳು. ಆಕೆಯ ಜೊತೆಯ ಏಳು ಮಂದಿಯೂ ದಾದಿಯರೇ. ವಿಮಾನವೇರಿದವನು ರೋಗಿಯಾಗುವುದು ಅಂದು ಅಷ್ಟು ಸಾಮಾನ್ಯವಾಗಿತ್ತು. ೧೯೩೬ರಲ್ಲಿ ಅಮೆರಿಕದ ಯುನೈಟೆಡ್ ಸಂಸ್ಥೆ ವಿಮಾನದ ಊಟಕ್ಕೆಂದೇ ಅಡುಗೆಮನೆಗಳನ್ನು ತೆರೆಯಿತು. ೧೯೪೦ರಲ್ಲಿ, ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಮೊದಲ ಪ್ರಯಾಣಿಕ ವಿಮಾನ ಹಾರತೊಡಗಿತು. ನಮ್ಮಲ್ಲಿ ಜೆ. ಆರ್. ಡಿ. ಟಾಟಾ ೧೯೩೨ರಲ್ಲಿ ಕರಾಚಿಯಿಂದ ಮುಂಬಯಿಗೆ ತಂದದ್ದು ಬರಿಯ ಅಂಚೆಯ ಚೀಲಗಳನ್ನು. ೧೯೪೮ರ ಜೂನ್ ೮ರಂದು ಏರ್ ಇಂಡಿಯಾದ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಪ್ರಯಾಣಿಕರನ್ನು ಕೊಂಡೊಯ್ದಿತು.

ಈ ಆಕಾಶದ ಊಟದ ಚರಿತ್ರೆಯಲ್ಲಿಯೂ ಕೂಸಿನ ಸ್ಥಾನ ವಿಚಿತ್ರವಾದದ್ದು. ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಸಾಮಾನ್ಯವಾಗಿ ಬೇರೆ ಆಸನವಿಲ್ಲ. ತಾಯಿಯ ಮಡಿಲೇ ಅದರ ಆಸನ. ಟಿಕೆಟ್ಟಿನಲ್ಲಿ ಹೆಸರಿರುತ್ತದೆ, ತಟ್ಟೆಯಲ್ಲಿ ಪಾಲಿರುವುದು ಖಚಿತವಲ್ಲ. ಆದರೆ ಎಲ್ಲರಿಗಿಂತ ಹೆಚ್ಚಾಗಿ ಆಹಾರ ಪಾನೀಯಗಳು ಬೇಕಾದದ್ದು ಅದಕ್ಕೇ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಎಂದರೆ ಪ್ರಯಾಣಿಕರು ಗಂಟೆಗಟ್ಟಲೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿಯೋ ಅದಕ್ಕಿಂತ ಮೇಲೆಯೋ ಕುಳಿತಂತೆ. ಗಾಳಿಯ ತೇವ ನೂರಕ್ಕೆ ಇಪ್ಪತ್ತಕ್ಕಿಂತಲೂ ಕಡಿಮೆ. ತುಟಿ ಗಂಟಲುಗಳು ಬೇಗ ಒಣಗುತ್ತವೆ. ವಿಮಾನ ಇಳಿಯತೊಡಗಿದಾಗ ಹೊರಗಿನ ಒತ್ತಡ ಏರಿ ಕಿವಿಯ ತಮಟೆ ಒಳಕ್ಕೆ ಒತ್ತಲ್ಪಡುತ್ತದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ತೆರೆದರೆ ಆ ನೋವು ಶಮನವಾಗುತ್ತದೆ. ನುಂಗಿದಾಗ ಅದು ತೆರೆಯುತ್ತದೆ. ದೊಡ್ಡವರು ಆಕಳಿಸಿಯೋ ಉಗುಳು ನುಂಗಿಯೋ ಪಾರಾಗುತ್ತಾರೆ. ಮಗುವಿನ ನಾಳ ಕಿರಿದು, ಅಡ್ಡಡ್ಡವಾಗಿ ಮಲಗಿದ್ದು, ಸುಲಭವಾಗಿ ತೆರೆಯದು. ನುಂಗು ಎಂದರೆ ಅದಕ್ಕೆ ತಿಳಿಯದು. ಆದ್ದರಿಂದ ಇಳಿಯುವ ಅರ್ಧ ಗಂಟೆಗೆಂದು ತಾಯಿ ಒಂದು ಬಟ್ಟಲು ಹಾಲನ್ನೋ ನೀರನ್ನೋ ಉಳಿಸಿಟ್ಟುಕೊಂಡಿರುತ್ತಾಳೆ. ನೆಲದ ಮೇಲೆ ಬುತ್ತಿ ಹಸಿವಿಗೆ ಮದ್ದು. ಆಕಾಶದಲ್ಲಿ ಅದು ನೋವಿಗೂ ಮದ್ದು. ಇಳಿಯುವ ವಿಮಾನದಲ್ಲಿ ಅಳುವ ಮಗುವಿನ ಕಡೆಗೆ ಹುಬ್ಬು ಗಂಟಿಕ್ಕಿ ನೋಡುವ ಸಹಪ್ರಯಾಣಿಕರು ಈ ಶರೀರಶಾಸ್ತ್ರವನ್ನು ಅರಿತಿದ್ದರೆ ಒಳ್ಳೆಯದು.

ಹೊಸ ಶತಮಾನದಲ್ಲಿ ಎರಡು ಘಟನೆಗಳು ಬುತ್ತಿಯನ್ನು ಮತ್ತೆ ಮುನ್ನೆಲೆಗೆ ತಂದವು. ೨೦೦೩ರಲ್ಲಿ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರನ್ನು ನೆಲೆಯಾಗಿಸಿಕೊಂಡು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದರು. ದರ ಇಳಿಸಬೇಕಾದರೆ ಪುಕ್ಕಟೆ ಊಟ ನಿಲ್ಲಬೇಕು ಎಂಬುದು ಅದರ ಒಂದು ಸೂತ್ರ. ಎಂದೂ ವಿಮಾನವೇರದಿದ್ದ ಕುಟುಂಬಗಳು ಕೂಸುಗಳೊಡನೆ ವಿಮಾನವೇರಿದವು. ಅವರ ಜೊತೆಯಲ್ಲಿ ರೈಲಿನ ಕಾಲದ ಚಪಾತಿ, ಅವಲಕ್ಕಿ, ಮೊಸರನ್ನದ ಡಬ್ಬಿಗಳೂ ಏರಿದವು. ಎರಡನೆಯದು ಭಯದ ಘಟನೆ. ೨೦೦೬ರ ಆಗಸ್ಟ್ ೧೦ರಂದು, ದ್ರವರೂಪದ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚೊಂದು ಬ್ರಿಟನ್ನಿನಲ್ಲಿ ಬಯಲಾದಾಗ ಕೈಚೀಲದ ದ್ರವಗಳೆಲ್ಲ ನಿಷಿದ್ಧವಾದವು. ಶಿಶುವಿನ ಹಾಲಿಗೆ ಮಾತ್ರ ವಿನಾಯಿತಿ, ಅದೂ ಕಾವಲುಗಾರರ ಕಣ್ಣೆದುರಿಗೆ ಹೆತ್ತವರು ಅದನ್ನು ತಾವೇ ಕುಡಿದು ತೋರಿಸಿದರೆ. ಆ ವರ್ಷದ ನವೆಂಬರಿನಿಂದ ಯೂರೋಪಿನಲ್ಲಿ ನೂರು ಮಿಲಿಲೀಟರಿನ ಮಿತಿ ಬಂದಿತು. ಹಲವು ದೇಶಗಳು ಅದನ್ನು ಅನುಸರಿಸಿದವು, ಮಕ್ಕಳ ಹಾಲು ಆಹಾರಗಳಿಗೆ ವಿನಾಯಿತಿ ಉಳಿಯಿತು. ಕೂಸಿಗೆ ಕೊಡುವ ಮೊದಲು ತಾಯಿ ಒಂದು ಹನಿ ರುಚಿ ನೋಡುವುದು ಎಲ್ಲ ಮನೆಗಳ ವಾಡಿಕೆ. ಪ್ರೀತಿಯ ಆ ಕ್ರಿಯೆ ಅಂದು ತನಿಖೆಯ ವಿಧಿಯಾಯಿತು.

ಇಂದು ದೇವನಹಳ್ಳಿಯ ನಿಲ್ದಾಣದಿಂದ ದೂರದೇಶಗಳಿಗೆ ಹೊರಡುವ ಕನ್ನಡದ ತಾಯಿಯ ಚೀಲದಲ್ಲಿ ಈ ಚರಿತ್ರೆಯೆಲ್ಲವೂ ಒಟ್ಟಿಗೆ ಕುಳಿತಿರುತ್ತದೆ. ಅಜ್ಜಿ ಬೀಸಿಕೊಟ್ಟ ರಾಗಿಯ ಸರಿ, ಗ್ಲೂಕೋಸ್ ಬಿಸ್ಕತ್ತು, ಬಾಳೆಹಣ್ಣು, ಉಪ್ಪು ಸಕ್ಕರೆಯ ಪೊಟ್ಟಣ, ಥರ್ಮಾಸಿನ ಬಿಸಿನೀರು. ವಿಜ್ಞಾನ ಇದರಲ್ಲಿ ಕೆಲವನ್ನು ಎತ್ತಿಹಿಡಿದಿದೆ, ಕೆಲವನ್ನು ತಿದ್ದಿದೆ. ಜೇನಿನಿಂದ ಶಿಶುಗಳಿಗೆ ಒಂದು ಬಗೆಯ ವಿಷಬಾಧೆ ತಗುಲಬಹುದೆಂಬುದು ೧೯೭೦ರ ದಶಕದಲ್ಲಿ ತಿಳಿದುಬಂದ ಮೇಲೆ, ವರ್ಷ ತುಂಬುವವರೆಗೆ ಜೇನು ಕೂಡದೆಂಬುದು ವೈದ್ಯರ ಮಾತಾಗಿದೆ. ಇಡಿಯ ಕಡಲೆಕಾಯಿ ಬೀಜವಾಗಲಿ ಇಡಿಯ ದ್ರಾಕ್ಷಿಯಾಗಲಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮುಂದಿನ ಆಸ್ಪತ್ರೆ ಮೂವತ್ತೈದು ಸಾವಿರ ಅಡಿ ಕೆಳಗಿರುವಾಗ ಅವು ಬುತ್ತಿಯಲ್ಲಿರಬಾರದು. ಹಾಲುಪುಡಿಯನ್ನು ಎಪ್ಪತ್ತು ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ ಆರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ವಿಧಿಸಿತು. ಆದರೆ ಒಲೆ ಹೊತ್ತಿಸದೆ, ಕೆಡದೆ, ಕಡಿಮೆ ತೂಕದಲ್ಲಿ ಹೆಚ್ಚು ಕಸುವನ್ನು ಕೊಡುವ ಆಹಾರ ಯಾವುದೆಂಬ ಪ್ರಶ್ನೆಗೆ ಮೊಳಕೆಯ ರಾಗಿ ಕೊಟ್ಟ ಉತ್ತರವನ್ನು ಯಾರೂ ತಿದ್ದಬೇಕಾಗಿ ಬಂದಿಲ್ಲ.

ಗಾದೆಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಟ್ಟಿಕೊಟ್ಟ ಬುತ್ತಿ ಹೆಚ್ಚು ದಿನ ಬರುವುದಿಲ್ಲ, ನಿಜ. ಕೂಸಿನ ಬುತ್ತಿಯಂತೂ ಒಂದು ಹಗಲಿನದು. ಆದರೆ ಅದನ್ನು ಕಟ್ಟುವ ವಿದ್ಯೆ ಮೂರು ಸಾವಿರ ವರ್ಷ ಬಂದಿದೆ. ಅದನ್ನು ಕಾಪಾಡಿಕೊಂಡು ಬಂದವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಹಡಗು, ರೈಲು, ವಿಮಾನಗಳನ್ನು ಕಟ್ಟಿದವರನ್ನು ನಾವು ಪಾಠಪುಸ್ತಕಗಳಲ್ಲಿ ಸ್ಮರಿಸುತ್ತೇವೆ, ಅದು ಯುಕ್ತವೇ. ಆ ವಾಹನಗಳಲ್ಲಿ ಕೂಸುಗಳನ್ನು ಬದುಕಿಸಿ ಆಚೆಯ ದಡಕ್ಕೆ ಮುಟ್ಟಿಸಿದವರ ಕೆಲಸವನ್ನೂ ಚರಿತ್ರೆಯೆಂದು ಬರೆಯುವುದಕ್ಕೆ ಈಗಲಾದರೂ ತೊಡಗಬೇಕು. ಅದಕ್ಕೆ ಆಕರಗಳು ಅರಮನೆಯ ಕಡತಗಳಲ್ಲಿ ಸಿಗಲಾರವು. ನಮ್ಮ ನಮ್ಮ ಮನೆಗಳ ಹಿರಿಯ ಹೆಂಗಸರನ್ನು, ಅವರಿನ್ನೂ ಇರುವಾಗಲೇ, ಕುಳಿತು ಕೇಳಬೇಕು.